ಪ್ಯಾಕೇಜ್ ಸಾಕಾ, ಸೋರ್ಸ್‌ನಿಂದ ಕಂಪೈಲ್ ಮಾಡಬೇಕಾ: ಲಿನಕ್ಸ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಲಿನಕ್ಸ್‌ನಲ್ಲಿ ಒಂದು ಸಾಫ್ಟ್‌ವೇರ್ ಬೇಕು ಅಂದಾಗ ಮುಖ್ಯವಾಗಿ ಎರಡು ದಾರಿ ಇವೆ. ಡಿಸ್ಟ್ರೋದವರು (ಡೆಬಿಯನ್, ಉಬುಂಟು, ಫೆಡೋರಾದಂಥ ಲಿನಕ್ಸ್ ತಯಾರಿಸುವವರು) ತಯಾರು ಮಾಡಿಟ್ಟ ಪ್ಯಾಕೇಜನ್ನು ಒಂದೇ ಕಮಾಂಡ್‌ನಲ್ಲಿ ಹಾಕಿಕೊಳ್ಳಬಹುದು. ಇಲ್ಲವೇ ಸೋರ್ಸ್ (ಪ್ರೋಗ್ರಾಮ್‌ನ ಮೂಲ ಕೋಡ್) ಇಳಿಸಿಕೊಂಡು ನಾವೇ ಕಂಪೈಲ್ ಮಾಡಬಹುದು, ಅಂದರೆ ಓಡುವ ಪ್ರೋಗ್ರಾಮ್ ಆಗಿ ಕಟ್ಟಿಕೊಳ್ಳಬಹುದು. ಎರಡನೆಯದಕ್ಕೆ ಹೆದರಿ ದೂರ ಉಳಿಯುವವರು ಇದ್ದಾರೆ. ಅದೇ ಸರಿಯಾದ ದಾರಿ ಅಂತ ಕಂಡದ್ದನ್ನೆಲ್ಲ ಕಂಪೈಲ್ ಮಾಡುವವರೂ ಇದ್ದಾರೆ.

ಕಂಪೈಲ್ ಮಾಡುವ ಕೆಲಸ ನಿಜಕ್ಕೂ ಅಷ್ಟೇನೂ ಕಷ್ಟವಿಲ್ಲ. ಕಷ್ಟ ಶುರುವಾಗುವುದು ಆಮೇಲೆ. ಇವತ್ತು ಹಾಕಿದ ಸಾಫ್ಟ್‌ವೇರ್‌ನಲ್ಲಿ ಮುಂದೊಂದು ದಿನ ಸೆಕ್ಯೂರಿಟಿ ದೋಷ ಸಿಕ್ಕಿತು ಅನ್ನಿ. ಅದನ್ನು ಸರಿ ಮಾಡಿ ನಿಮ್ಮ ಮೆಷಿನ್‌ಗೆ ತಲುಪಿಸುವವರು ಯಾರು? ಪ್ಯಾಕೇಜ್ ಆಗಿದ್ದರೆ ಡಿಸ್ಟ್ರೋದವರು. ನೀವೇ ಕಟ್ಟಿದ್ದಾದರೆ ನೀವೇ. ಯಾವ ದಾರಿ ಹಿಡಿಯಬೇಕು ಅನ್ನುವುದು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ ಅಂತ ನಾನು ನಂಬಿದ್ದೇನೆ.

ಇಲ್ಲಿ ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಉದಾಹರಣೆಗಳು ಹೆಚ್ಚಾಗಿ ಡೆಬಿಯನ್ ಮತ್ತು ಉಬುಂಟುಗೆ ಹೊಂದುತ್ತವೆ. ಫೆಡೋರಾದಲ್ಲಿ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ.

ಪ್ಯಾಕೇಜ್ ಅಂದರೆ ಬರೀ ಕಂಪೈಲ್ ಆದ ಫೈಲ್ ಅಲ್ಲ

ಡೆಬಿಯನ್‌ನ ಒಂದು ಡೆಬ್ ಫೈಲ್ ಒಳಗೆ ಎರಡು ಗಂಟು ಇರುತ್ತವೆ. ಒಂದರಲ್ಲಿ ನಿಜವಾದ ಫೈಲ್‌ಗಳು. ಇನ್ನೊಂದರಲ್ಲಿ ಮಾಹಿತಿ: ಯಾವ ವರ್ಷನ್, ಯಾವ ಲೈಬ್ರರಿ (ಹಲವು ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ಕೋಡ್) ಬೇಕು, ಹಾಕುವಾಗ ಮತ್ತು ತೆಗೆಯುವಾಗ ಯಾವ ಸ್ಕ್ರಿಪ್ಟ್ ಓಡಬೇಕು ಇತ್ಯಾದಿ. ಡೆಬ್‌ಗಳನ್ನು ಹಾಕುವ, ತೆಗೆಯುವ ಡಿಪಿಕೆಜಿ ಪ್ರತಿ ಫೈಲ್‌ನ ಲೆಕ್ಕ ಇಡುತ್ತದೆ. ಬೇಕಾದರೆ ಎಚ್‌ಟಾಪ್ (ಓಡುತ್ತಿರುವ ಪ್ರೋಗ್ರಾಮ್‌ಗಳನ್ನು ತೋರಿಸುವ ಉಪಕರಣ) ಹಿಡಿದು ಪರೀಕ್ಷಿಸಿ, ಈ ಆಯ್ಕೆಯ ಎಸ್ ದೊಡ್ಡಕ್ಷರ:

ಡಿಪಿಕೆಜಿ -ಎಸ್ /ಯುಎಸ್‌ಆರ್/ಬಿನ್/ಎಚ್‌ಟಾಪ್

ಈ ಫೈಲ್ ಯಾವ ಪ್ಯಾಕೇಜ್‌ಗೆ ಸೇರಿದ್ದು ಅಂತ ತಕ್ಷಣ ಉತ್ತರ ಬರುತ್ತದೆ. ನೀವು ಸುಮ್ನೆ ಮೇಕ್ ಇನ್‌ಸ್ಟಾಲ್ (ಕಂಪೈಲ್ ಆದದ್ದನ್ನು ಮೆಷಿನ್‌ಗೆ ಹಾಕುವ ಕಮಾಂಡ್) ಕೊಟ್ಟು ಹಾಕಿದ ಫೈಲ್ ಬಗ್ಗೆ ಕೇಳಿದರೆ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಮುಂದೆ ಬರುವ ಅರ್ಧಕ್ಕರ್ಧ ತೊಂದರೆಗಳ ಬೇರು ಇದೇ.

ಪ್ಯಾಕೇಜ್‌ನ ದೊಡ್ಡ ಲಾಭ ಅದರ ಹಿಂದಿರುವ ನಿರ್ವಹಣೆ. 2014ರ ಏಪ್ರಿಲ್‌ನಲ್ಲಿ, ಇಂಟರ್ನೆಟ್ ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ದೋಷ ಹೊರಬಿತ್ತು. 1.0.1ರಿಂದ 1.0.1ಎಫ್‌ವರೆಗಿನ ವರ್ಷನ್‌ಗಳಲ್ಲಿ ಅದು ಇತ್ತು. 1.0.1ಜಿಯಲ್ಲಿ ಸರಿಯಾಯಿತು. ಆಗಿನ ಡೆಬಿಯನ್ ಸ್ಟೇಬಲ್ (ಸ್ಥಿರ ಬಿಡುಗಡೆ) ಆದ ವೀಜಿಯಲ್ಲಿ ಇದ್ದದ್ದು 1.0.1ಇ. ಡೆಬಿಯನ್‌ನವರು ಹೊಸ ವರ್ಷನ್‌ಗೆ ಹೋಗಲಿಲ್ಲ. ದೋಷ ಸರಿಪಡಿಸುವ ಭಾಗವನ್ನಷ್ಟೇ ಹಳೆಯ 1.0.1ಇಗೆ ಸೇರಿಸಿ ಕಳಿಸಿದರು. ಅಪ್‌ಡೇಟ್ ಮಾಡಿಕೊಂಡವರ ಮೆಷಿನ್ ಸುರಕ್ಷಿತವಾಯಿತು, ಬೇರೆ ಯಾವ ಪ್ರೋಗ್ರಾಮೂ ಕೆಡಲಿಲ್ಲ. ಇದಕ್ಕೆ ಬ್ಯಾಕ್‌ಪೋರ್ಟ್ ಮಾಡುವುದು ಅನ್ನುತ್ತಾರೆ. ಹಾಗಾಗಿ ವರ್ಷನ್ ನಂಬರ್ ಹಳೆಯದು ಅಂತ ಕಂಡ ಕೂಡಲೇ ಗಾಬರಿಯಾಗಿ ಕಂಪೈಲ್ ಮಾಡಲು ಹೊರಡಬೇಡಿ. ಮೊದಲು ಆಪ್ಟ್ ಚೇಂಜ್‌ಲಾಗ್ ಕಮಾಂಡ್ ಕೊಟ್ಟು, ಆ ದೋಷದ ಸಿವಿಇ ನಂಬರ್ (ಸೆಕ್ಯೂರಿಟಿ ದೋಷಗಳಿಗೆ ಕೊಡುವ ಗುರುತಿನ ನಂಬರ್) ಅಲ್ಲಿದೆಯಾ ನೋಡಿ.

ಡಿಸ್ಟ್ರೋದವರು ತಪ್ಪು ಮಾಡುವುದೇ ಇಲ್ಲ ಅಂತಲ್ಲ. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜ್‌ಗೆ ಮಾಡಿದ ಒಂದು ಸಣ್ಣ ಬದಲಾವಣೆಯಿಂದ ರ‍್ಯಾಂಡಮ್ ಸಂಖ್ಯೆಗಳ ಮೂಲವೇ ಒಣಗಿಹೋಯಿತು. ಪ್ರೊಸೆಸ್ ಐಡಿ (ಓಡುವ ಪ್ರೋಗ್ರಾಮ್‌ಗೆ ಸಿಸ್ಟಮ್ ಕೊಡುವ ನಂಬರ್) ಬಿಟ್ಟರೆ ಊಹಿಸಲಾಗದ್ದು ಅಂತ ಹೆಚ್ಚೇನೂ ಉಳಿಯಲಿಲ್ಲ. ಒಂದೊಂದು ಬಗೆಯ ಎನ್‌ಕ್ರಿಪ್ಶನ್ ಕೀಗೆ ಸುಮಾರು 32 ಸಾವಿರ ಸಾಧ್ಯತೆಗಳಷ್ಟೇ ಇದ್ದವು. ಇದು ಬೆಳಕಿಗೆ ಬಂದದ್ದು 2008ರ ಮೇನಲ್ಲಿ. ಮೂಲ ಸೋರ್ಸ್‌ನಿಂದಲೇ ಓಪನ್‌ಎಸ್‌ಎಸ್‌ಎಲ್ ಕಟ್ಟಿಕೊಂಡವರಿಗೆ ಈ ತೊಂದರೆ ಇರಲಿಲ್ಲ.

ಇದನ್ನು ಕೇಳಿ ಸೋರ್ಸೇ ಸುರಕ್ಷಿತ ಅನ್ನಿಸಿದರೆ 2024ರ ಮಾರ್ಚ್‌ನ ಎಕ್ಸ್‌ಜೆಡ್ (ಫೈಲ್ ಕುಗ್ಗಿಸುವ ಸಾಫ್ಟ್‌ವೇರ್) ಪ್ರಕರಣವನ್ನೂ ನೋಡಿ. ಎಕ್ಸ್‌ಜೆಡ್‌ನ 5.6.0 ಮತ್ತು 5.6.1ರಲ್ಲಿ ಒಂದು ಹಿಂಬಾಗಿಲು ಅಡಗಿತ್ತು. ಅದನ್ನು ಚಾಲೂ ಮಾಡುವ ಬಿಲ್ಡ್ ಸ್ಕ್ರಿಪ್ಟ್ ಗಿಟ್‌ನಲ್ಲಿ (ಕೋಡ್‌ನ ಪ್ರತಿ ಬದಲಾವಣೆ ದಾಖಲಾಗುವ ಜಾಗ) ಇರಲಿಲ್ಲ, ಬಿಡುಗಡೆಯಾದ ಟಾರ್‌ಬಾಲ್‌ನಲ್ಲಿ (ಸೋರ್ಸ್ ಗಂಟು ಕಟ್ಟಿದ ಫೈಲ್) ಮಾತ್ರ ಇತ್ತು. ಟಾರ್‌ಬಾಲ್‌ಗೆ ಪ್ರಾಜೆಕ್ಟ್‌ನ ನಿರ್ವಾಹಕರದೇ ಡಿಜಿಟಲ್ ಸಹಿ ಇತ್ತು. ಡೆಬ್ ಅಥವಾ ಆರ್‌ಪಿಎಂ (ಫೆಡೋರಾದಂಥವುಗಳ ಪ್ಯಾಕೇಜ್ ರೂಪ) ಪ್ಯಾಕೇಜ್ ಕಟ್ಟುವಾಗ ಮಾತ್ರ ಅದು ಸೇರಿಕೊಳ್ಳುವಂತೆ ಬರೆದಿದ್ದರು. ಎಸ್‌ಎಸ್‌ಎಚ್ (ದೂರದ ಮೆಷಿನ್‌ಗೆ ಸುರಕ್ಷಿತವಾಗಿ ಹೋಗುವ ದಾರಿ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಅನುಮಾನ ಬಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿ ಹುಡುಕಿದ್ದರಿಂದ ಅದು ಹೊರಬಿತ್ತು. ಡೆಬಿಯನ್‌ನ ಮುಂದಿನ ಬಿಡುಗಡೆ ತಯಾರಾಗುವ ಟೆಸ್ಟಿಂಗ್ ಮತ್ತು ಅನ್‌ಸ್ಟೇಬಲ್‌ಗೆ ಆ ವರ್ಷನ್ ಬಂದುಬಿಟ್ಟಿತ್ತು. ಸ್ಟೇಬಲ್‌ನಲ್ಲಿ ಹಳೆಯ ವರ್ಷನ್ ಇದ್ದದ್ದರಿಂದ ಅದನ್ನು ಬಳಸುವವರು ಪಾರಾದರು. ಹೊಸದನ್ನು ತಡವಾಗಿ ತರುವುದರಲ್ಲೂ ಒಂದು ಲಾಭ ಇದೆ, ಅಲ್ವಾ?

ಕಂಪೈಲ್ ಮಾಡುವ ಮೊದಲು ಐದು ನಿಮಿಷ

ಮೊದಲು ಡಿಸ್ಟ್ರೋದಲ್ಲಿ ಏನಿದೆ ನೋಡಿ.

ಆಪ್ಟ್ ಪಾಲಿಸಿ ಎಚ್‌ಟಾಪ್

ಈಗ ಯಾವ ವರ್ಷನ್ ಹಾಕಿದೆ, ಯಾವುದು ಸಿಗುತ್ತದೆ, ಯಾವ ರೆಪೊದಿಂದ (ಪ್ಯಾಕೇಜ್‌ಗಳ ಸಂಗ್ರಹದಿಂದ) ಬರುತ್ತದೆ ಎಲ್ಲವೂ ಇದರಲ್ಲಿ ಕಾಣುತ್ತದೆ. ಫೆಡೋರಾದಲ್ಲಿ ಡಿಎನ್‌ಎಫ್ ಇನ್ಫೊ. ಸ್ಟೇಬಲ್‌ನಲ್ಲಿ ಇರುವುದು ಹಳೆಯದಾಗಿದ್ದರೆ ಡೆಬಿಯನ್ ಬ್ಯಾಕ್‌ಪೋರ್ಟ್ಸ್ ರೆಪೊ ನೋಡಿ. ಮುಂದಿನ ಬಿಡುಗಡೆಯ ಪ್ಯಾಕೇಜ್‌ಗಳನ್ನು ಈಗಿನ ಸ್ಟೇಬಲ್‌ಗಾಗಿ ಕಟ್ಟಿಕೊಡುವ ಜಾಗ ಅದು. ಡೆಸ್ಕ್‌ಟಾಪ್ ಅಪ್ಲಿಕೇಶನ್ ಆದರೆ ಫ್ಲಾಟ್‌ಪ್ಯಾಕ್‌ನಲ್ಲಿ ಹೊಸದು ಇರಬಹುದು. ಕೆಲವು ಪ್ರಾಜೆಕ್ಟ್‌ಗಳು ತಮ್ಮದೇ ಆಪ್ಟ್ ರೆಪೊ ನಡೆಸುತ್ತವೆ. ಇವುಗಳಲ್ಲಿ ಯಾವುದಾದರೂ ಒಂದು ಹೊಂದಿಕೊಂಡರೆ ಅಲ್ಲಿಗೆ ನಿಲ್ಲಿಸಿ. ಅಪ್‌ಡೇಟ್‌ನ ಹೊಣೆ ಬೇರೆಯವರ ಬಳಿಯೇ ಉಳಿಯುತ್ತದೆ.

ಹಾಗಾದರೆ ಕಂಪೈಲ್ ಯಾವಾಗ ಬೇಕು? ನಿಮಗೆ ಬೇಕಾದ ಸೌಲಭ್ಯವನ್ನು ಡಿಸ್ಟ್ರೋದವರು ಕಾನೂನಿನ ಕಾರಣಕ್ಕೆ ಕೊಡಲಾರದೆ ಇದ್ದಾಗ ಖಂಡಿತ ಬೇಕು. ವಿಡಿಯೊ, ಆಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಒಳ್ಳೆಯ ಉದಾಹರಣೆ. ಅದಕ್ಕೆ ಫ್ರಾನ್‌ಹೋಫರ್‌ನ ಎಎಸಿ ಎನ್‌ಕೋಡರ್ ಲೈಬ್ರರಿಯನ್ನು ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್‌ನ ಭಾಗಗಳ ಜೊತೆ ಸೇರಿಸಬೇಕಾದರೆ ನಾನ್‌ಫ್ರೀ ಆಯ್ಕೆ ಕೊಟ್ಟು ಕಟ್ಟಬೇಕು. ಹಾಗೆ ಕಟ್ಟಿದ ಬೈನರಿಯನ್ನು (ಕಂಪೈಲ್ ಆದ ಫೈಲನ್ನು) ಬೇರೆಯವರಿಗೆ ಹಂಚುವಂತಿಲ್ಲ. ನಿಮ್ಮ ಮೆಷಿನ್‌ನಲ್ಲಿ ನಿಮಗಾಗಿ ಕಟ್ಟಿಕೊಳ್ಳಬಹುದು. ಡಿಸ್ಟ್ರೋ ಅದನ್ನು ಕೊಡದಿರಲು ಇದೇ ಕಾರಣ. ಒಂದು ಬಗ್‌ಗೆ ಪ್ಯಾಚ್ (ಕೋಡ್‌ನ ತಿದ್ದುಪಡಿ) ಬಂದಿದೆ, ಆದರೆ ಇನ್ನೂ ಬಿಡುಗಡೆಯಾಗಿಲ್ಲ ಅನ್ನುವಾಗ, ಪ್ರೋಗ್ರಾಮ್‌ನ ಕೋಡನ್ನು ನೀವೇ ತಿದ್ದಬೇಕಾದಾಗ, ಡಿಸ್ಟ್ರೋದಲ್ಲಿ ಆ ಸಾಫ್ಟ್‌ವೇರ್ ಇಲ್ಲವೇ ಇಲ್ಲ ಅನ್ನುವಾಗಲೂ ಅಷ್ಟೇ. ಕಲಿಯುವುದಕ್ಕಾಗಿ ಮಾಡುವುದೂ ಸರಿಯಾದ ಕಾರಣವೇ.

ವೇಗಕ್ಕಾಗಿ ಅನ್ನುವ ಕಾರಣವನ್ನು ಮಾತ್ರ ನಾನು ಸುಲಭಕ್ಕೆ ಒಪ್ಪುವುದಿಲ್ಲ. ನಿಮ್ಮ ಪ್ರೊಸೆಸರ್‌ಗೆಂದೇ ಕಂಪೈಲ್ ಮಾಡಿದರೆ ಜೋರಾಗಿ ಓಡುತ್ತದೆ ಅನ್ನುತ್ತಾರೆ. ಎಫ್‌ಎಫ್‌ಎಂಪೆಗ್, ಜಿಲಿಬ್‌ಸಿ (ಹೆಚ್ಚಿನ ಪ್ರೋಗ್ರಾಮ್‌ಗಳು ನಿಂತಿರುವ ಮೂಲ ಸಿ ಲೈಬ್ರರಿ), ಓಪನ್‌ಎಸ್‌ಎಸ್‌ಎಲ್‌ನಂಥವು ಓಡುವಾಗಲೇ ಪ್ರೊಸೆಸರ್ ಯಾವುದು ಅಂತ ನೋಡಿ ತಕ್ಕ ಕೋಡ್ ಆರಿಸಿಕೊಳ್ಳುತ್ತವೆ. ಉಳಿದ ಬಹಳಷ್ಟು ಪ್ರೋಗ್ರಾಮ್‌ಗಳು ಡಿಸ್ಕ್‌ಗೋ ನೆಟ್‌ವರ್ಕ್‌ಗೋ ಕಾಯುತ್ತಾ ಕೂತಿರುತ್ತವೆ. ಲೆಕ್ಕ ಹಾಕುವ ಭಾರೀ ಪ್ರೋಗ್ರಾಮ್ ಆದರೆ ಲಾಭ ಸಿಗಬಹುದು. ಆದರೆ ಅಳೆದು ನೋಡಿ ನಿರ್ಧರಿಸಿ.

ಒಂದು ಸಾಫ್ಟ್‌ವೇರ್ ಹಿಡಿದು ಮಾಡಿ ನೋಡೋಣ

ಎಚ್‌ಟಾಪ್ ಚಿಕ್ಕದು, ಬೇಗ ಕಂಪೈಲ್ ಆಗುತ್ತದೆ. ಡೆಬಿಯನ್ 12ರಲ್ಲಿ ಇರುವುದು 3.2.2. ನಮಗೆ 3.3.0 ಬೇಕು ಅಂತ ಇಟ್ಟುಕೊಳ್ಳೋಣ.

ಮೊದಲನೆಯದು, ಉಪಕರಣಗಳು. ಸುಡೊ ಅಂದರೆ ರೂಟ್ (ಮೆಷಿನ್ ನಿರ್ವಾಹಕರ) ಅನುಮತಿಯಿಂದ ಓಡಿಸುವುದು.

ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಶಿಯಲ್ ಪಿಕೆಜಿ-ಕಾನ್ಫಿಗ್

ಕಂಪೈಲರ್, ಮೇಕ್, ಸಿ ಲೈಬ್ರರಿಯ ಹೆಡರ್‌ಗಳು (ಲೈಬ್ರರಿಯಲ್ಲಿ ಏನೇನಿದೆ ಅಂತ ಕಂಪೈಲರ್‌ಗೆ ಹೇಳುವ ಫೈಲ್‌ಗಳು) ಎಲ್ಲ ಇದರಲ್ಲಿ ಬರುತ್ತವೆ. ಆರ್ಚ್‌ನಲ್ಲಿ ಇದೇ ಕೆಲಸಕ್ಕೆ ಬೇಸ್-ಡೆವೆಲ್ ಇದೆ.

ಎರಡನೆಯದು, ಅವಲಂಬನೆಗಳು. ಇಲ್ಲಿ ಬಹಳ ಜನ ಒಂದೊಂದೇ ಎರರ್ ನೋಡಿ ಒಂದೊಂದೇ ಲೈಬ್ರರಿ ಹಾಕುತ್ತಾ ಅರ್ಧ ದಿನ ಕಳೆಯುತ್ತಾರೆ. ಆ ಸಾಫ್ಟ್‌ವೇರ್‌ನ ಹಳೆಯ ವರ್ಷನ್ ಡಿಸ್ಟ್ರೋದಲ್ಲಿ ಇದ್ದರೆ ಸುಲಭದ ದಾರಿ ಇದೆ.

ಸುಡೊ ಆಪ್ಟ್ ಬಿಲ್ಡ್-ಡೆಪ್ ಎಚ್‌ಟಾಪ್

ಪ್ಯಾಕೇಜ್ ಕಟ್ಟಲು ಡಿಸ್ಟ್ರೋದವರಿಗೆ ಏನೇನು ಬೇಕಿತ್ತೋ ಅದೆಲ್ಲ ಒಮ್ಮೆಗೇ ಬರುತ್ತದೆ. ಹೊಸ ವರ್ಷನ್‌ಗೆ ಒಂದೆರಡು ಜಾಸ್ತಿ ಬೇಕಾಗಬಹುದು, ಅಷ್ಟೇ. ಡೆಬ್-ಎಸ್‌ಆರ್‌ಸಿ ಸಾಲು ಇಲ್ಲ ಅಂತ ಎರರ್ ಬಂದರೆ ಸೋರ್ಸ್ ರೆಪೊ ಆಫ್ ಆಗಿದೆ ಅಂತ ಅರ್ಥ. ಹೊಸ ಉಬುಂಟುವಿನಲ್ಲಿ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ ಒಳಗಿನ ಫೈಲ್‌ನಲ್ಲಿ ಟೈಪ್ಸ್ ಅನ್ನುವ ಸಾಲಿನಲ್ಲಿ ಡೆಬ್ ಪಕ್ಕದಲ್ಲೇ ಡೆಬ್-ಎಸ್‌ಆರ್‌ಸಿ ಸೇರಿಸಿ, ಆಪ್ಟ್ ಅಪ್‌ಡೇಟ್ ಕೊಡಿ. ಫೆಡೋರಾದಲ್ಲಿ ಇದೇ ಕೆಲಸಕ್ಕೆ ಡಿಎನ್‌ಎಫ್ ಬಿಲ್ಡ್‌ಡೆಪ್ ಇದೆ.

ಮೂರನೆಯದು, ಸೋರ್ಸ್ ಇಳಿಸಿಕೊಳ್ಳುವುದು. ಪ್ರಾಜೆಕ್ಟ್‌ನವರ ಅಧಿಕೃತ ಜಾಗದಿಂದಲೇ ತನ್ನಿ. ಸಹಿಯ ಫೈಲ್ ಕೊಟ್ಟಿದ್ದರೆ ಜಿಪಿಜಿಯಿಂದ, ಚೆಕ್‌ಸಮ್ ಕೊಟ್ಟಿದ್ದರೆ ಎಸ್‌ಎಚ್‌ಎ256ಸಮ್‌ನಿಂದ ಹೋಲಿಸಿ. ಚೆಕ್‌ಸಮ್ ಕೂಡ ಅದೇ ಪುಟದಲ್ಲಿ ಇದ್ದರೆ ಅದರಿಂದ ತಿಳಿಯುವುದು ಡೌನ್‌ಲೋಡ್ ಸರಿಯಾಗಿ ಆಯಿತೇ ಅನ್ನುವುದಷ್ಟೇ. ಆ ಜಾಗವನ್ನೇ ಯಾರಾದರೂ ಹ್ಯಾಕ್ ಮಾಡಿದ್ದರೆ ಅದು ಕಾಪಾಡುವುದಿಲ್ಲ. ಸಹಿಯ ಬಲ ಅದಕ್ಕಿಂತ ದೊಡ್ಡದು, ಎಕ್ಸ್‌ಜೆಡ್‌ನಲ್ಲಿ ನೋಡಿದಂತೆ ಅದಕ್ಕೂ ಮಿತಿ ಇದೆ.

ನಾಲ್ಕನೆಯದು, ಎಲ್ಲಿ ಹಾಕಬೇಕು ಅನ್ನುವುದು. ಈ ಇಡೀ ಕೆಲಸದಲ್ಲಿ ಜಾಸ್ತಿ ಯೋಚಿಸಬೇಕಾದ ಹೆಜ್ಜೆ ಇದು. /ಯುಎಸ್‌ಆರ್ ನೇರವಾಗಿ ಪ್ಯಾಕೇಜ್ ಮ್ಯಾನೇಜರ್‌ನ ಆಸ್ತಿ. ಅಲ್ಲಿಗೆ ನೀವು ಫೈಲ್ ಹಾಕಿದರೆ ಮುಂದಿನ ಅಪ್‌ಡೇಟ್ ಅದರ ಮೇಲೆ ಬರೆದುಬಿಡುತ್ತದೆ, ಅಥವಾ ನಿಮ್ಮದು ಡಿಸ್ಟ್ರೋದ್ದನ್ನು ಕೆಡಿಸುತ್ತದೆ. ಮೆಷಿನ್‌ನ ಎಲ್ಲರಿಗೂ ಬೇಕಾದರೆ /ಯುಎಸ್‌ಆರ್/ಲೋಕಲ್. ಅದನ್ನು ಮೆಷಿನ್ ನೋಡಿಕೊಳ್ಳುವವರಿಗೆಂದೇ ಬಿಟ್ಟಿದ್ದಾರೆ, ಡಿಸ್ಟ್ರೋ ಪ್ಯಾಕೇಜ್‌ಗಳು ಅಲ್ಲಿ ಕೈ ಹಾಕುವುದಿಲ್ಲ. ನಿಮಗೊಬ್ಬರಿಗೇ ಸಾಕಾದರೆ ನಿಮ್ಮ ಹೋಮ್ ಒಳಗಿನ .ಲೋಕಲ್ ಫೋಲ್ಡರ್. ಇದಕ್ಕೆ ರೂಟ್ ಅನುಮತಿಯೇ ಬೇಡ. ಬಿಲ್ಡ್ ಸ್ಕ್ರಿಪ್ಟ್ ಏನೇ ಎಡವಟ್ಟು ಮಾಡಿದರೂ ಸಿಸ್ಟಮ್ ಫೈಲ್‌ಗಳಿಗೆ ಧಕ್ಕೆ ಇಲ್ಲ. ಮೊದಲ ಸಲ ಮಾಡುವವರು ದಯವಿಟ್ಟು ಇಲ್ಲಿಂದಲೇ ಶುರು ಮಾಡಿ.

ಟಾರ್ ಎಕ್ಸ್‌ಎಫ್ ಎಚ್‌ಟಾಪ್-3.3.0.ಟಾರ್.ಎಕ್ಸ್‌ಜೆಡ್
ಸಿಡಿ ಎಚ್‌ಟಾಪ್-3.3.0
./ಕಾನ್ಫಿಗರ್ --ಪ್ರಿಫಿಕ್ಸ್=$ಹೋಮ್/.ಲೋಕಲ್

ಇಲ್ಲಿ ಹೋಮ್ ಎಲ್ಲ ದೊಡ್ಡಕ್ಷರದಲ್ಲಿ ಇರಬೇಕು. ಟಾರ್‌ಬಾಲ್ ಬಿಟ್ಟು ಗಿಟ್‌ನಿಂದ ತಂದಿದ್ದರೆ ಕಾನ್ಫಿಗರ್ ಫೈಲ್ ಇರುವುದಿಲ್ಲ. ಆಟೋಕಾನ್ಫ್, ಆಟೋಮೇಕ್ ಹಾಕಿಕೊಂಡು ಮೊದಲು ./ಆಟೋಜೆನ್.ಎಸ್‌ಎಚ್ ಓಡಿಸಿ.

ಕಾನ್ಫಿಗರ್ ಓಡುವಾಗ ಸಾಲು ಸಾಲು ಚೆಕಿಂಗ್ ಅಂತ ಹರಿದುಹೋಗುತ್ತದೆ. ಅದನ್ನು ಸುಮ್ನೆ ಬಿಟ್ಟುಬಿಡಬೇಡಿ, ಕೊನೆಯ ಭಾಗವನ್ನಾದರೂ ಓದಿ. ಕಡ್ಡಾಯ ಲೈಬ್ರರಿ ಇಲ್ಲದಿದ್ದರೆ ಅದು ನಿಲ್ಲುತ್ತದೆ. ಐಚ್ಛಿಕ ಲೈಬ್ರರಿ ಇಲ್ಲದಿದ್ದರೆ ತಕರಾರು ಮಾಡದೆ ಆ ಸೌಲಭ್ಯವನ್ನೇ ಬಿಟ್ಟು ಮುಂದೆ ಹೋಗುತ್ತದೆ. ಪೈಥಾನ್ ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತು. ಓಪನ್‌ಎಸ್‌ಎಸ್‌ಎಲ್‌ನ ಹೆಡರ್‌ಗಳು ಇಲ್ಲದೆಯೂ ಪೈಥಾನ್ ಕಂಪೈಲ್ ಆಗುತ್ತದೆ. ಕೊನೆಯಲ್ಲಿ ಈ ಮಾಡ್ಯೂಲ್‌ಗಳು ಕಟ್ಟಲಾಗಲಿಲ್ಲ ಅಂತ ಒಂದು ಸಣ್ಣ ಪಟ್ಟಿ ಬರುತ್ತದೆ. ಅದನ್ನು ನೋಡದೆ ಹೋದರೆ, ಆಮೇಲೆ ಪಿಪ್ (ಪೈಥಾನ್ ಪ್ಯಾಕೇಜ್‌ಗಳನ್ನು ತರುವ ಉಪಕರಣ) ಎಚ್‌ಟಿಟಿಪಿಎಸ್ ಮೂಲಕ ಏನನ್ನೂ ತರುವುದಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಐದನೆಯದು, ಕಂಪೈಲ್.

ಮೇಕ್ -ಜೆ$(ಎನ್‌ಪ್ರೊಕ್)

ಇದು ಪ್ರೊಸೆಸರ್‌ನ ಎಲ್ಲ ಕೋರ್‌ಗಳನ್ನೂ ದುಡಿಸುತ್ತದೆ. ಪ್ರಾಜೆಕ್ಟ್‌ನಲ್ಲಿ ಟೆಸ್ಟ್‌ಗಳಿದ್ದರೆ ಮೇಕ್ ಚೆಕ್ ಅಥವಾ ಮೇಕ್ ಟೆಸ್ಟ್ ಕೂಡ ಓಡಿಸಿ. ಗಣಿತದ ಅಥವಾ ಎನ್‌ಕ್ರಿಪ್ಶನ್‌ನ ಲೈಬ್ರರಿ ಆದರೆ ಇದನ್ನು ಬಿಡಲೇಬೇಡಿ. ಕಂಪೈಲ್ ಆಯಿತು ಅಂದಮಾತ್ರಕ್ಕೆ ಉತ್ತರ ಸರಿ ಬರುತ್ತದೆ ಅಂತಿಲ್ಲ. ಈ ಹೆಜ್ಜೆಗೆ ಸುಡೊ ಬೇಡವೇ ಬೇಡ.

ಆರನೆಯದು, ಹಾಕುವುದು.

ಮೇಕ್ ಇನ್‌ಸ್ಟಾಲ್

/ಯುಎಸ್‌ಆರ್/ಲೋಕಲ್‌ಗೆ ಹಾಕುವುದಾದರೆ ಈ ಒಂದು ಹೆಜ್ಜೆಗೆ ಮಾತ್ರ ಸುಡೊ ಸೇರಿಸಿ.

ಈಗ ಎಚ್‌ಟಾಪ್ --ವರ್ಷನ್ ಕೊಟ್ಟರೆ ಇನ್ನೂ 3.2.2 ಅಂತಲೇ ತೋರಿಸಬಹುದು. ಕಂಪೈಲ್ ಕೆಟ್ಟಿಲ್ಲ. ಬ್ಯಾಶ್ ಒಮ್ಮೆ ಓಡಿಸಿದ ಕಮಾಂಡ್‌ನ ಜಾಗವನ್ನು ನೆನಪಿಟ್ಟುಕೊಂಡು ಮತ್ತೆ ಅಲ್ಲಿಗೇ ಹೋಗುತ್ತದೆ. ಹ್ಯಾಶ್ -ಆರ್ ಕೊಟ್ಟರೆ ಆ ನೆನಪು ಅಳಿಯುತ್ತದೆ. .ಲೋಕಲ್/ಬಿನ್ ಫೋಲ್ಡರ್ ಈಗಷ್ಟೇ ಹುಟ್ಟಿದ್ದರೆ ಲಾಗೌಟ್ ಆಗಿ ಮತ್ತೆ ಬನ್ನಿ. ಡೆಬಿಯನ್‌ನ ಪ್ರೊಫೈಲ್ ಫೈಲ್, ಲಾಗಿನ್ ಆಗುವಾಗ ಆ ಫೋಲ್ಡರ್ ಇದ್ದರೆ ಮಾತ್ರ ಅದನ್ನು ಪಾತ್‌ಗೆ (ಕಮಾಂಡ್‌ಗಳನ್ನು ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸುತ್ತದೆ. ಆಮೇಲೆ ಇದನ್ನು ನೋಡಿ:

ಟೈಪ್ -ಎ ಎಚ್‌ಟಾಪ್

ಎರಡೂ ಎಚ್‌ಟಾಪ್‌ಗಳು ಕಾಣುತ್ತವೆ. ಮೇಲಿರುವುದೇ ಓಡುವುದು. ಆದರೆ ಇದು ನಿಮ್ಮ ಟರ್ಮಿನಲ್‌ಗೆ ಮಾತ್ರ ನಿಜ. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನ ಪಾತ್ ಬೇರೆ. ಡೆಬಿಯನ್‌ನಲ್ಲಿ ಬಳಕೆದಾರರ ಕ್ರಾನ್‌ಟ್ಯಾಬ್ /ಯುಎಸ್‌ಆರ್/ಬಿನ್ ಮತ್ತು /ಬಿನ್ ಅಷ್ಟನ್ನೇ ನೋಡುತ್ತದೆ. ಸುಡೊಗೂ ತನ್ನದೇ ಪಾತ್ ಇದೆ. ಕೈಯಲ್ಲಿ ಓಡಿಸಿದರೆ ಹೊಸ ಎಫ್‌ಎಫ್‌ಎಂಪೆಗ್, ರಾತ್ರಿ ಕ್ರಾನ್‌ನಲ್ಲಿ ಓಡಿದರೆ ಹಳೆಯದು ಅನ್ನುವ ಗೊಂದಲ ಹೀಗೇ ಆಗುವುದು. ಸ್ಕ್ರಿಪ್ಟ್‌ಗಳಲ್ಲಿ ಪೂರ್ತಿ ಪಾತ್ ಬರೆದುಬಿಡಿ.

ಕಾನ್ಫಿಗರ್ ಇಲ್ಲದ ಪ್ರಾಜೆಕ್ಟ್‌ಗಳು

ಎಲ್ಲವೂ ಕಾನ್ಫಿಗರ್, ಮೇಕ್ ಕ್ರಮದಲ್ಲಿ ಇರುವುದಿಲ್ಲ. ಸಿಮೇಕ್‌ಲಿಸ್ಟ್ಸ್ ಅನ್ನುವ ಫೈಲ್ ಕಂಡರೆ ಅದು ಸಿಮೇಕ್. ಹೀಗೆ ಮಾಡಿ:

ಸಿಮೇಕ್ -ಎಸ್ . -ಬಿ ಬಿಲ್ಡ್ -ಡಿಸಿಮೇಕ್_ಬಿಲ್ಡ್_ಟೈಪ್=ರಿಲೀಸ್ -ಡಿಸಿಮೇಕ್_ಇನ್‌ಸ್ಟಾಲ್_ಪ್ರಿಫಿಕ್ಸ್=$ಹೋಮ್/.ಲೋಕಲ್
ಸಿಮೇಕ್ --ಬಿಲ್ಡ್ ಬಿಲ್ಡ್ -ಜೆ 4
ಸಿಮೇಕ್ --ಇನ್‌ಸ್ಟಾಲ್ ಬಿಲ್ಡ್

ಮೊದಲ ಸಾಲಿನ ಎಸ್, ಬಿ, ಡಿ ಮತ್ತು ಡಿಗೆ ಅಂಟಿಕೊಂಡ ಹೆಸರುಗಳು ದೊಡ್ಡಕ್ಷರ. ಬಿಲ್ಡ್ ಟೈಪನ್ನು ರಿಲೀಸ್ ಅಂತ ಹೇಳದೆ ಹೋದರೆ ಎಷ್ಟೋ ಪ್ರಾಜೆಕ್ಟ್‌ಗಳು ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಆಗುತ್ತವೆ. ವೇಗಕ್ಕಾಗಿ ಕಂಪೈಲ್ ಮಾಡಿ ಡಿಸ್ಟ್ರೋದ್ದಕ್ಕಿಂತ ನಿಧಾನದ್ದನ್ನು ಪಡೆದವರ ಕಥೆ ಹೆಚ್ಚಾಗಿ ಇದೇ. ಮೆಸನ್.ಬಿಲ್ಡ್ ಫೈಲ್ ಕಂಡರೆ ಮೆಸನ್ ಸೆಟಪ್ ಬಿಲ್ಡ್, ಆಮೇಲೆ ನಿಂಜಾ -ಸಿ ಬಿಲ್ಡ್. ಇಲ್ಲೂ ಸಿ ದೊಡ್ಡಕ್ಷರ.

ಎರರ್ ಬಂದಾಗ

ಮೊದಲ ನಿಯಮ, ಮೊದಲ ಎರರ್ ಓದಿ. ಕೊನೆಯ ಸಾಲಿನಲ್ಲಿ ಮೇಕ್ ಹೇಳುವುದು ಬಿಲ್ಡ್ ನಿಂತಿತು ಅನ್ನುವುದನ್ನಷ್ಟೇ. ಹಲವು ಕೋರ್‌ಗಳಲ್ಲಿ ಓಡಿಸಿದಾಗ ನಿಜವಾದ ಎರರ್ ಎಲ್ಲೋ ಮೇಲೆ ಹೋಗಿರುತ್ತದೆ. ಬರೀ ಮೇಕ್ ಅಂತ ಮತ್ತೊಮ್ಮೆ ಕೊಡಿ. ಆಗಿರುವ ಕೆಲಸವನ್ನು ಅದು ಮತ್ತೆ ಮಾಡುವುದಿಲ್ಲ, ಕೆಟ್ಟ ಜಾಗಕ್ಕೇ ಬಂದು ನಿಲ್ಲುತ್ತದೆ.

ಜೆಡ್‌ಲಿಬ್.ಎಚ್ ಸಿಗಲಿಲ್ಲ ಅಂತ ಬಂತು ಅಂದುಕೊಳ್ಳಿ. ನಿಮ್ಮ ಮೆಷಿನ್‌ನಲ್ಲಿ ಜೆಡ್‌ಲಿಬ್ ಇದೆ, ಅದಿಲ್ಲದೆ ಸಿಸ್ಟಮ್ಮೇ ಓಡುವುದಿಲ್ಲ. ಹಾಗಾದರೆ ಇಲ್ಲದ್ದು ಏನು? ಡಿಸ್ಟ್ರೋಗಳು ಲೈಬ್ರರಿಯನ್ನು ಎರಡು ಪ್ಯಾಕೇಜ್ ಮಾಡುತ್ತವೆ. ಓಡಿಸಲು ಬೇಕಾದದ್ದು ಒಂದರಲ್ಲಿ, ಕಂಪೈಲ್ ಮಾಡಲು ಬೇಕಾದ ಹೆಡರ್‌ಗಳು ಇನ್ನೊಂದರಲ್ಲಿ. ಎರಡನೆಯದರ ಹೆಸರಿನ ಕೊನೆಗೆ ಡೆಬಿಯನ್‌ನಲ್ಲಿ -ಡೆವ್ ಇರುತ್ತದೆ, ಫೆಡೋರಾದಲ್ಲಿ -ಡೆವೆಲ್. ಹೆಸರು ಊಹಿಸುವುದು ಕಷ್ಟ. ಜೆಡ್‌ಲಿಬ್‌ನದು ಡೆಬಿಯನ್‌ನಲ್ಲಿ ಜೆಡ್‌ಲಿಬ್1ಜಿ-ಡೆವ್. ಊಹೆ ಬಿಟ್ಟು ಆಪ್ಟ್-ಫೈಲ್ ಹಾಕಿಕೊಂಡು ಅದನ್ನೇ ಕೇಳಿ:

ಆಪ್ಟ್-ಫೈಲ್ ಸರ್ಚ್ ಜೆಡ್‌ಲಿಬ್.ಎಚ್

ಫೆಡೋರಾದಲ್ಲಿ ಡಿಎನ್‌ಎಫ್ ಪ್ರೊವೈಡ್ಸ್ ಇದೇ ಉತ್ತರ ಕೊಡುತ್ತದೆ.

ಇನ್ನೊಂದು ಎರರ್ ಜನರನ್ನು ತುಂಬಾ ದಿಕ್ಕು ತಪ್ಪಿಸುತ್ತದೆ. ಸಿ++ನಲ್ಲಿ ಬರೆದ ದೊಡ್ಡ ಪ್ರಾಜೆಕ್ಟ್ ಕಂಪೈಲ್ ಆಗುತ್ತಿರುವಾಗ, ಕಿಲ್ಡ್ ಅನ್ನುವ ಪದ ಮತ್ತು ಸಿಸಿ1ಪ್ಲಸ್ ಅನ್ನುವ ಹೆಸರು ಇರುವ ಸಾಲು ಬಂದು ಎಲ್ಲ ನಿಲ್ಲುತ್ತದೆ. ಕೋಡ್‌ನಲ್ಲಿ ತಪ್ಪಿಲ್ಲ. ರ‍್ಯಾಮ್ ಮುಗಿದಿದೆ, ಕರ್ನೆಲ್ ಕಂಪೈಲರನ್ನೇ ಮುಗಿಸಿದೆ. ಕರ್ನೆಲ್ ಸಂದೇಶ ತೋರಿಸುವ ಡಿಎಂಇಎಸ್‌ಜಿ ಕಮಾಂಡ್‌ನಲ್ಲಿ ಇದರ ದಾಖಲೆ ಸಿಗುತ್ತದೆ. ಮೇಕ್‌ಗೆ -ಜೆ2 ಅಥವಾ -ಜೆ1 ಕೊಟ್ಟು ಮುಂದುವರಿಸಿ. ತಡವಾಗುತ್ತದೆ, ಆದರೆ ಮುಗಿಯುತ್ತದೆ.

ಲೈಬ್ರರಿ ಕಟ್ಟುವುದು ಪ್ರೋಗ್ರಾಮ್ ಕಟ್ಟಿದಂತಲ್ಲ

ಪ್ರೋಗ್ರಾಮ್ ಕಟ್ಟಿ ಎಡವಿದರೆ ಕೆಡುವುದು ಆ ಪ್ರೋಗ್ರಾಮ್ ಮಾತ್ರ. ಲೈಬ್ರರಿಯಲ್ಲಿ ಎಡವಿದರೆ ಅದನ್ನು ನಂಬಿದ ಎಲ್ಲವೂ ಕೆಡುತ್ತವೆ. ಒಂದು ಲೈಬ್ರರಿಯನ್ನು /ಯುಎಸ್‌ಆರ್/ಲೋಕಲ್‌ಗೆ ಹಾಕಿದ ಮೇಲೆ ಪ್ರೋಗ್ರಾಮ್ ಓಡಿಸಿದರೆ ಶೇರ್ಡ್ ಲೈಬ್ರರಿ ತೆರೆಯಲಾಗಲಿಲ್ಲ ಅಂತ ಬರುವುದು ಮಾಮೂಲು. ಡೆಬಿಯನ್‌ನಲ್ಲಿ ಸುಡೊ ಎಲ್‌ಡಿಕಾನ್ಫಿಗ್ ಒಮ್ಮೆ ಓಡಿಸಿದರೆ ಸಾಕು. ಫೆಡೋರಾದಲ್ಲಿ /ಯುಎಸ್‌ಆರ್/ಲೋಕಲ್/ಲಿಬ್ ಎಂಬ ಜಾಗ ಲೋಡರ್‌ನ (ಪ್ರೋಗ್ರಾಮ್ ಶುರುವಾಗುವಾಗ ಲೈಬ್ರರಿ ಹುಡುಕಿಕೊಡುವ ಭಾಗ) ಪಟ್ಟಿಯಲ್ಲಿ ಮೊದಲೇ ಇರುವುದಿಲ್ಲ. /ಇಟಿಸಿ/ಎಲ್‌ಡಿ.ಎಸ್‌ಒ.ಕಾನ್ಫ್.ಡಿ ಒಳಗೆ ಒಂದು ಫೈಲ್ ಮಾಡಿ ಆ ಜಾಗ ಸೇರಿಸಿ, ಆಮೇಲೆ ಎಲ್‌ಡಿಕಾನ್ಫಿಗ್ ಓಡಿಸಬೇಕು.

ಇದರ ಅಪಾಯವನ್ನು ಸರಿಯಾಗಿ ತಿಳಿದುಕೊಳ್ಳಿ. ಡೆಬಿಯನ್‌ನ ಲೋಡರ್ /ಯುಎಸ್‌ಆರ್/ಲೋಕಲ್/ಲಿಬ್ ಅನ್ನು ಡಿಸ್ಟ್ರೋದ ಜಾಗಕ್ಕಿಂತ ಮೊದಲು ನೋಡುತ್ತದೆ. ನೀವು ಕಟ್ಟಿದ ಲೈಬ್ರರಿಯ ಹೆಸರು ಮತ್ತು ಎಸ್‌ಒ ನಂಬರ್ (ಫೈಲ್ ಹೆಸರಿನ ಕೊನೆಯ ಹೊಂದಾಣಿಕೆಯ ನಂಬರ್) ಡಿಸ್ಟ್ರೋದ್ದಕ್ಕೆ ಹೊಂದಿದರೆ ಇಡೀ ಸಿಸ್ಟಮ್ ನಿಮ್ಮದನ್ನೇ ಬಳಸಲು ಶುರು ಮಾಡುತ್ತದೆ. ನೀವು ಒಂದು ಪ್ರೋಗ್ರಾಮ್‌ಗಾಗಿ ಓಪನ್‌ಎಸ್‌ಎಸ್‌ಎಲ್ ಕಟ್ಟಿದಿರಿ, ಎಸ್‌ಎಸ್‌ಎಚ್ ಕೂಡ ಅದನ್ನೇ ಎತ್ತಿಕೊಂಡಿತು. ಡಿಸ್ಟ್ರೋ ಮುಂದೆ ಕಳಿಸುವ ಸೆಕ್ಯೂರಿಟಿ ಅಪ್‌ಡೇಟ್ ಡಿಸ್ಕ್‌ಗೆ ಬರುತ್ತದೆ, ಬಳಕೆಗೆ ಬರುವುದಿಲ್ಲ. ಆಪ್ಟ್ ಮಾತ್ರ ಎಲ್ಲ ಹೊಸದಾಗಿದೆ ಅಂತ ಹೇಳುತ್ತಿರುತ್ತದೆ. ಯಾವ ಲೈಬ್ರರಿ ನಿಜಕ್ಕೂ ಬಳಕೆಯಾಗುತ್ತಿದೆ ಅಂತ ನೋಡಲು ಎಲ್‌ಡಿಡಿ ಇದೆ:

ಎಲ್‌ಡಿಡಿ /ಯುಎಸ್‌ಆರ್/ಎಸ್‌ಬಿನ್/ಎಸ್‌ಎಸ್‌ಎಚ್‌ಡಿ

ಬೇರೆ ವರ್ಷನ್‌ನ ಲೈಬ್ರರಿ ಬೇಕೇ ಬೇಕಾದರೆ ಅದನ್ನು /ಆಪ್ಟ್ (ಇಲ್ಲಿ ಓ-ಪಿ-ಟಿ, ಪ್ಯಾಕೇಜ್ ಕಮಾಂಡ್‌ನ ಎ-ಪಿ-ಟಿ ಅಲ್ಲ) ಒಳಗೆ ಪ್ರತ್ಯೇಕ ಫೋಲ್ಡರ್‌ಗೆ ಹಾಕಿ. ಬೇಕಾದ ಪ್ರೋಗ್ರಾಮ್ ಒಂದನ್ನೇ ಆರ್‌ಪಾತ್ (ಲೈಬ್ರರಿಯ ಜಾಗವನ್ನು ಪ್ರೋಗ್ರಾಮ್ ಒಳಗೇ ಬರೆದಿಡುವ ಆಯ್ಕೆ) ಕೊಟ್ಟು ಆ ಲೈಬ್ರರಿಗೆ ಜೋಡಿಸಿ. ಕಂಪೈಲ್ ಮಾಡುವಾಗ ಪಿಕೆಜಿ_ಕಾನ್ಫಿಗ್_ಪಾತ್ ಎಂಬ ವೇರಿಯಬಲ್‌ಗೆ ಆ ಜಾಗ ತೋರಿಸಿದರೆ ಹೆಡರ್‌ಗಳೂ ಅಲ್ಲಿಂದಲೇ ಬರುತ್ತವೆ.

ಜಿಲಿಬ್‌ಸಿಗೆ ಮಾತ್ರ ಕೈ ಹಾಕಲೇಬೇಡಿ. ಸಿಸ್ಟಮ್‌ನ ಜಿಲಿಬ್‌ಸಿ ಕೆಟ್ಟರೆ ಎಲ್‌ಎಸ್ ಕೂಡ ಓಡುವುದಿಲ್ಲ, ಸರಿ ಮಾಡಲು ಬೇಕಾದ ಉಪಕರಣವೇ ಉಳಿಯುವುದಿಲ್ಲ. ಸಿಸ್ಟಮ್‌ನ ಪೈಥಾನ್ ಕೂಡ ಹಾಗೇ. ಡಿಸ್ಟ್ರೋದ ಎಷ್ಟೋ ಉಪಕರಣಗಳು ಅದರ ಮೇಲೆ ನಿಂತಿವೆ. ಬೇರೆ ಪೈಥಾನ್ ಬೇಕಾದರೆ ಮೇಕ್ ಇನ್‌ಸ್ಟಾಲ್ ಬದಲು ಮೇಕ್ ಆಲ್ಟ್‌ಇನ್‌ಸ್ಟಾಲ್ ಕೊಡಿ. ಆಗ ಪೈಥಾನ್3.13 ಎಂಬಂತೆ ಪೂರ್ತಿ ನಂಬರ್ ಇರುವ ಹೆಸರಿನಲ್ಲಿ ಕೂರುತ್ತದೆ, ಪೈಥಾನ್3 ಎಂಬ ಹೆಸರನ್ನು ಮುಟ್ಟುವುದಿಲ್ಲ.

ಮಧ್ಯದ ದಾರಿ: ಡಿಸ್ಟ್ರೋದ ಪ್ಯಾಕೇಜನ್ನೇ ಮತ್ತೆ ಕಟ್ಟುವುದು

ಇದನ್ನು ಹೆಚ್ಚು ಜನ ಬಳಸಬೇಕು ಅಂತ ನನಗೆ ಆಸೆ. ನಿಮಗೆ ಬೇಕಾದ್ದು ಒಂದು ಸಣ್ಣ ಪ್ಯಾಚ್ ಅಥವಾ ಒಂದು ಆಯ್ಕೆ ಬದಲಾವಣೆ ಮಾತ್ರವಾದರೆ ಸೋರ್ಸ್‌ನಿಂದ ಹೊಸದಾಗಿ ಯಾಕೆ ಶುರು ಮಾಡಬೇಕು? ಡಿಸ್ಟ್ರೋ ಪ್ಯಾಕೇಜ್‌ನ ಸೋರ್ಸ್ ತಂದು, ತಿದ್ದಿ, ಡೆಬ್ ಮಾಡಿಬಿಡಿ. ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜ್ ಹಾಕಿಕೊಂಡು ಹೀಗೆ ಮಾಡಿ:

ಸುಡೊ ಆಪ್ಟ್ ಬಿಲ್ಡ್-ಡೆಪ್ ಎಚ್‌ಟಾಪ್
ಆಪ್ಟ್ ಸೋರ್ಸ್ ಎಚ್‌ಟಾಪ್
ಸಿಡಿ ಎಚ್‌ಟಾಪ್-3.2.2
ಡಿಸಿಎಚ್ --ಲೋಕಲ್ ಲೋಕಲ್
ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ -ಬಿ -ಯುಎಸ್ -ಯುಸಿ
ಸುಡೊ ಆಪ್ಟ್ ಇನ್‌ಸ್ಟಾಲ್ ../ಎಚ್‌ಟಾಪ್_*.ಡೆಬ್

ಕಾನ್ಫಿಗರ್ ಆಯ್ಕೆಗಳು ಡೆಬಿಯನ್ ಫೋಲ್ಡರ್‌ನ ರೂಲ್ಸ್ ಎಂಬ ಫೈಲ್‌ನಲ್ಲಿ ಇರುತ್ತವೆ. ಕಟ್ಟುವ ಮೊದಲು ಅಲ್ಲಿ ತಿದ್ದಿ. ಈ ರೀತಿ ಮಾಡಿದರೆ ಡಿಪಿಕೆಜಿಗೆ ಪ್ರತಿ ಫೈಲ್ ಗೊತ್ತಿರುತ್ತದೆ, ಆಪ್ಟ್ ರಿಮೂವ್ ಕೊಟ್ಟರೆ ಪೂರ್ತಿ ಹೋಗುತ್ತದೆ.

ಡಿಸಿಎಚ್ ಹೆಜ್ಜೆ ವರ್ಷನ್‌ನ ಕೊನೆಗೆ ಒಂದು ಗುರುತು ಸೇರಿಸುತ್ತದೆ. 3.2.2-2 ಇದ್ದದ್ದು 3.2.2-2ಲೋಕಲ್1 ಆಗುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಡೆಬಿಯನ್ 12ಕ್ಕೆ ಬರುವ ಸೆಕ್ಯೂರಿಟಿ ಅಪ್‌ಡೇಟ್‌ಗಳ ಕೊನೆಗೆ +ಡೆಬ್12ಯು1 ಎಂಬ ಗುರುತು ಇರುತ್ತದೆ. ಡಿಪಿಕೆಜಿಯ ಲೆಕ್ಕದಲ್ಲಿ ಅಕ್ಷರಗಳು ಪ್ಲಸ್‌ನಂಥ ಚಿಹ್ನೆಗಳಿಗಿಂತ ಕೆಳಗೆ. ಹಾಗಾಗಿ 2ಲೋಕಲ್1ಕ್ಕಿಂತ 2+ಡೆಬ್12ಯು1 ದೊಡ್ಡದು, ಅಪ್‌ಡೇಟ್ ಬಂದಾಗ ನಿಮ್ಮದನ್ನು ಬದಲಿಸುತ್ತದೆ. ನೀವೇ ಪ್ಲಸ್ ಹಾಕಿ +ಲೋಕಲ್1 ಅಂತ ಮಾಡಿದರೆ ಇಂಗ್ಲಿಷ್‌ನ ಎಲ್ ಅಕ್ಷರ ಡಿಗಿಂತ ಮುಂದಿನದಾದ್ದರಿಂದ ನಿಮ್ಮದೇ ದೊಡ್ಡದಾಗುತ್ತದೆ, ಸೆಕ್ಯೂರಿಟಿ ಅಪ್‌ಡೇಟ್ ಬರುವುದೇ ಇಲ್ಲ. ಪ್ಲಸ್ ಇಲ್ಲದ ರೂಪವೇ ಮೇಲು. ಅಪ್‌ಡೇಟ್ ಬಂದಮೇಲೆ ನಿಮ್ಮ ಪ್ಯಾಚ್ ಹಾಕಿ ಮತ್ತೊಮ್ಮೆ ಕಟ್ಟಿಕೊಳ್ಳಬಹುದು. ಅನುಮಾನ ಇದ್ದರೆ ಡಿಪಿಕೆಜಿ --ಕಂಪೇರ್-ವರ್ಷನ್ಸ್ ಕೊಟ್ಟು ಹೋಲಿಸಿ ನೋಡಿ. ಆಪ್ಟ್-ಮಾರ್ಕ್ ಹೋಲ್ಡ್ ಕೊಟ್ಟು ಅಪ್‌ಡೇಟ್ ನಿಲ್ಲಿಸುವ ಅಭ್ಯಾಸ ಮಾತ್ರ ಬೇಡ. ಹೋಲ್ಡ್ ಮಾಡಿದ್ದು ಮರೆತೇಹೋಗುತ್ತದೆ.

ಹಾಕಿದ ಮೇಲಿನ ಆರೈಕೆ

ಕಂಪೈಲ್ ಮಾಡಿದ ಫೋಲ್ಡರ್ ಅಳಿಸಬೇಡಿ. ಅದರಲ್ಲಿರುವ ಕಾನ್ಫಿಗ್.ಲಾಗ್ ಫೈಲ್‌ನ ಮೇಲ್ಭಾಗದಲ್ಲೇ ನೀವು ಕೊಟ್ಟ ಪೂರ್ತಿ ಕಾನ್ಫಿಗರ್ ಕಮಾಂಡ್ ಇರುತ್ತದೆ. ಮುಂದಿನ ವರ್ಷನ್ ಕಟ್ಟುವಾಗ ಅದನ್ನೇ ಎತ್ತಿಕೊಳ್ಳಬಹುದು. ತೆಗೆಯಲು ಮೇಕ್ ಅನ್‌ಇನ್‌ಸ್ಟಾಲ್ ಓಡಿಸುವುದೂ ಅದೇ ಫೋಲ್ಡರ್‌ನಿಂದ. ಆಟೋಮೇಕ್ ಪ್ರಾಜೆಕ್ಟ್‌ಗಳಲ್ಲಿ ಈ ಸೌಲಭ್ಯ ಇರುತ್ತದೆ, ಮೆಸನ್‌ನಲ್ಲಿ ಇದೇ ಕೆಲಸಕ್ಕೆ ನಿಂಜಾ -ಸಿ ಬಿಲ್ಡ್ ಅನ್‌ಇನ್‌ಸ್ಟಾಲ್. ಸಿಮೇಕ್‌ನಲ್ಲಿ ಹೆಚ್ಚಾಗಿ ಇರುವುದಿಲ್ಲ, ಆದರೆ ಹಾಕಿದ ಫೈಲ್‌ಗಳ ಪಟ್ಟಿ ಬಿಲ್ಡ್ ಫೋಲ್ಡರ್‌ನ ಇನ್‌ಸ್ಟಾಲ್_ಮ್ಯಾನಿಫೆಸ್ಟ್ ಎಂಬ ಟೆಕ್ಸ್ಟ್ ಫೈಲ್‌ನಲ್ಲಿ ಸಿಗುತ್ತದೆ.

/ಯುಎಸ್‌ಆರ್/ಲೋಕಲ್‌ನಲ್ಲಿ ಮೂರ್ನಾಲ್ಕು ಸಾಫ್ಟ್‌ವೇರ್‌ಗಿಂತ ಜಾಸ್ತಿ ಇಡುವುದಾದರೆ ಗ್ನೂ ಸ್ಟೋ ಬಳಸಿ. ಪ್ರತಿಯೊಂದನ್ನೂ /ಯುಎಸ್‌ಆರ್/ಲೋಕಲ್/ಸ್ಟೋ/ಎಚ್‌ಟಾಪ್-3.3.0 ಎಂಬಂತೆ ಅದರದೇ ಫೋಲ್ಡರ್‌ಗೆ ಹಾಕಿ. ಅಂದರೆ ಪ್ರಿಫಿಕ್ಸ್‌ನಲ್ಲಿ ಅದನ್ನೇ ಕೊಡಿ. ಆಮೇಲೆ ಸ್ಟೋ ಫೋಲ್ಡರ್ ಒಳಗೆ ನಿಂತು ಸುಡೊ ಸ್ಟೋ ಎಚ್‌ಟಾಪ್-3.3.0 ಅಂದರೆ ಬಿನ್, ಲಿಬ್, ಶೇರ್ ಒಳಗೆ ಲಿಂಕ್‌ಗಳು ಮೂಡುತ್ತವೆ. ಸ್ಟೋ -ಡಿ ಅಂದರೆ ಲಿಂಕ್‌ಗಳು ಹೋಗುತ್ತವೆ, ಇಲ್ಲೂ ಡಿ ದೊಡ್ಡಕ್ಷರ. ಹಳೆ ವರ್ಷನ್‌ಗೆ ಮರಳುವುದು ಎರಡು ಕಮಾಂಡ್‌ನ ಕೆಲಸ.

ನೀವು ಕಟ್ಟಿದ ಪ್ರತಿ ಸಾಫ್ಟ್‌ವೇರ್‌ಗೂ ಅದರ ಬಿಡುಗಡೆ ಮತ್ತು ಸೆಕ್ಯೂರಿಟಿ ಸುದ್ದಿ ನಿಮಗೆ ತಲುಪುವ ವ್ಯವಸ್ಥೆ ಮಾಡಿಕೊಳ್ಳಿ. ನೆಟ್‌ವರ್ಕ್‌ಗೆ ತೆರೆದುಕೊಂಡ ಸರ್ವರ್ ಸಾಫ್ಟ್‌ವೇರ್ ಆದರೆ ಇದಿಲ್ಲದೆ ಮುಂದುವರಿಯಲೇಬೇಡಿ. ಅಷ್ಟು ಗಮನ ಕೊಡಲು ಆಗುವುದಿಲ್ಲ ಅನ್ನಿಸಿದರೆ ಡಿಸ್ಟ್ರೋ ಪ್ಯಾಕೇಜ್‌ಗೆ ವಾಪಸ್ ಹೋಗಿ. ಡಿಸ್ಟ್ರೋವನ್ನು ಮುಂದಿನ ಬಿಡುಗಡೆಗೆ ಅಪ್‌ಗ್ರೇಡ್ ಮಾಡಿದಾಗ ನೀವು ಕಟ್ಟಿದ್ದೆಲ್ಲವನ್ನೂ ಮತ್ತೆ ಕಟ್ಟಬೇಕಾಗಬಹುದು, ಯಾಕೆಂದರೆ ಕೆಳಗಿನ ಲೈಬ್ರರಿಗಳ ಎಸ್‌ಒ ನಂಬರ್ ಬದಲಾಗಿರುತ್ತದೆ.

ಹಾಗೆ ಮತ್ತೆ ಕಟ್ಟುವ ಮೊದಲು, ಡಿಸ್ಟ್ರೋದಲ್ಲಿ ಈಗ ಬೇಕಾದ ವರ್ಷನ್ ಬಂದಿದೆಯಾ ಅಂತ ಆಪ್ಟ್ ಪಾಲಿಸಿಯಲ್ಲಿ ನೋಡಿ. ಬಂದಿದ್ದರೆ ನಿಮ್ಮದನ್ನು ಉಳಿಸಿಕೊಳ್ಳುವ ಕಾರಣ ಮುಗಿಯಿತು. ಮೇಕ್ ಅನ್‌ಇನ್‌ಸ್ಟಾಲ್ ಅಥವಾ ಸ್ಟೋ -ಡಿ ಕೊಟ್ಟು ತೆಗೆಯಿರಿ. ಲೈಬ್ರರಿ ಆಗಿದ್ದರೆ ಎಲ್‌ಡಿಕಾನ್ಫಿಗ್ ಮತ್ತೆ ಓಡಿಸಿ. ಹ್ಯಾಶ್ -ಆರ್ ಆದಮೇಲೆ ಟೈಪ್ -ಎ ಕೊಟ್ಟು, ಪಟ್ಟಿಯಲ್ಲಿ ಡಿಸ್ಟ್ರೋ ಹಾಕಿದ್ದು ಮಾತ್ರ ಉಳಿದಿದೆಯಾ ಅಂತ ಖಚಿತ ಮಾಡಿಕೊಳ್ಳಿ.